ಜಾಗ ಬಿಡುವುದು

ಆ ಒಂದು ವಾಕ್ಯವನ್ನು ಇಲ್ದಾ ಮೂರು ದಿನಗಳಿಂದ ಬಾಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಬಸ್ಸಿನಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ, ಅಮ್ಮನ ಮಂಡಿಗೆ ಎಣ್ಣೆ ತಿಕ್ಕುವಾಗ ಅದರ ಪದಗಳನ್ನು ಒಂದೊಂದಾಗಿ ಎತ್ತಿ ಬೇರೆ ಬೇರೆ ಕಡೆ ಇಟ್ಟು ನೋಡಿದ್ದಳು. ದೋನಾ ಜುಲ್ಮೀರಾ, ಮೇ ತಿಂಗಳು ಮುಗಿಯುವುದರೊಳಗೆ ತಾವು ಈ ಜಾಗ ಬಿಡಬೇಕಾಗುತ್ತದೆ. 'ಬಿಡಬೇಕು' ಎಂದರೆ ಒರಟು. 'ಬಿಟ್ಟರೆ ಉಪಕಾರವಾಗುತ್ತದೆ' ಎಂದರೆ, ಬಿಡುವುದಿಲ್ಲ ಎನ್ನುವ ಸ್ವಾತಂತ್ರ್ಯವೂ ಆಕೆಗಿದೆ ಎಂಬ ಸುಳ್ಳನ್ನು ಒಳಗೆ ತುರುಕಿದಂತೆ. 'ಬೇಕಾಗುತ್ತದೆ' ಪರವಾಗಿಲ್ಲ, ಅದರಲ್ಲಿ ಬೇಕು ಎನ್ನುವವರು ಯಾರೆಂದು ಕಾಣುವುದಿಲ್ಲ, ಮಂಜು ಬೀಳುತ್ತದೆ ಎಂದ ಹಾಗೆ. ಹನ್ನೊಂದು ವರ್ಷಗಳಿಂದ ಅವಳ ಕೆಲಸವೇ ಇದು. ಕಡಲಾಚೆಯ ದ್ವೀಪಗಳಿಂದ ಬಂದ, ಇಂಗ್ಲಿಷ್ ಬಾರದ ಪೋರ್ಚುಗೀಸರಿಗೆ ಡಾಕ್ಟರ ಮಾತನ್ನು, ಡಾಕ್ಟರಿಗೆ ಅವರ ಮಾತನ್ನು ದಾಟಿಸುವುದು. ಕೂಡಿಸಬಾರದು, ಕಳೆಯಬಾರದು, ಮೆತ್ತಗೆ ಮಾಡಬಾರದು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಇನ್ನಾರು ತಿಂಗಳು ಎಂದು ಡಾಕ್ಟರು ಹೇಳಿದರೆ ಆರು ತಿಂಗಳು ಎಂದೇ ಹೇಳಿದ್ದಳು, ರೋಗಿಯ ಮುಖ ನೋಡದೆ, ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರವನ್ನು ನೋಡುತ್ತ. ಆ ಮಾತುಗಳು ಅವಳವಲ್ಲ. ಅವಳು ಬರೀ ಕೊಳವೆ. ಈ ವಾಕ್ಯ ಮಾತ್ರ ಅವಳದೇ. ಅದಕ್ಕೇ ಅದು ಅಂಗುಳಿಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಎರಡಕ್ಕೆ ವಕೀಲರ ಕಚೇರಿಯಲ್ಲಿ ರುಜು. ಅದಕ್ಕೆ ಮುಂಚೆ ಕೊಳ್ಳುವವರು ಕೊನೆಯ ಸಲ ಮನೆ ನೋಡಿಕೊಳ್ಳುವ ಪದ್ಧತಿಯಂತೆ ಬೆಳಿಗ್ಗೆಯೇ ಬಂದಿದ್ದಳು. ಮಾರುವವರು ಬೋಸ್ಟನ್ನಿನಲ್ಲಿದ್ದರು. "ಬಾಡಿಗೆಯವರ ಹತ್ತಿರ ನೀವೇ ಮಾತಾಡಿಕೊಳ್ಳಿ, ನಿಮ್ಮ ಜನವೇ ತಾನೆ" ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡಿದ್ದರು. ಒಂದರ ತಲೆಯ ಮೇಲೊಂದು ಕೂತ ಮೂರು ಮನೆಗಳ ಮರದ ಕಟ್ಟಡ, ಹಿಂದೆ ಮೂರು ಜಗಲಿ, ಜಗಲಿಗಳಿಂದ ಕಂಬಕ್ಕೆ ಎಳೆದ ಬಟ್ಟೆ ಒಣಗಿಸುವ ಮೂರು ಹಗ್ಗ. ಫಾಲ್ ರಿವರ್ ಊರಿನಲ್ಲಿ ಬೀದಿ ಬೀದಿಗೂ ಇವೇ. ಒಂದರಲ್ಲಿ ತಾನಿದ್ದು ಎರಡನ್ನು ಬಾಡಿಗೆಗೆ ಕೊಟ್ಟರೆ ಸಾಲ ತಾನೇ ತೀರುತ್ತದೆ ಎಂದು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ಹೇಳುತ್ತಿದ್ದರು. ಬ್ಯಾಂಕಿನವರು ಇಟ್ಟಿದ್ದ ಕಟ್ಟಳೆ ಒಂದೇ: ಕೊಂಡವಳು ಅರವತ್ತು ದಿನಗಳೊಳಗೆ ಆ ಮನೆಯಲ್ಲೇ ವಾಸಕ್ಕೆ ಬರಬೇಕು. ಆದರೆ ಮೂರೂ ಮನೆಗಳಲ್ಲಿ ಜನರಿದ್ದರು. ನಡುವಿನ ಮನೆಯ ಗಂಡಹೆಂಡಿರಿಗೆ ಬರುವ ವರ್ಷದವರೆಗೆ ಕರಾರಿತ್ತು. ಮೇಲೆ ಒಬ್ಬ ಮುದುಕ, ಕೆಳಗೆ ಒಬ್ಬ ಮುದುಕಿ. ಅವರಿಗೆ ಕಾಗದವಿಲ್ಲ, ಪತ್ರವಿಲ್ಲ. ಇಲ್ದಾಳಿಗೆ ಬೇಕಾಗಿದ್ದುದು ಕೆಳಗಿನದು. ಈಗ ಅವಳೂ ಅಮ್ಮನೂ ಇದ್ದುದು ಸೆನ್ಯೋರ್ ಕಬ್ರಾಲ್‌ನ ಕಟ್ಟಡದ ಮೂರನೆಯ ಮಹಡಿಯಲ್ಲಿ, ನಲವತ್ತೆರಡು ಮೆಟ್ಟಿಲು ಮೇಲೆ. ಅಮ್ಮ ಎರಡು ಚಳಿಗಾಲದಿಂದ ಕೆಳಗಿಳಿದದ್ದು ಈಸ್ಟರಿಗೊಮ್ಮೆ, ಅಪ್ಪನ ವರ್ಷದ ಪೂಜೆಗೊಮ್ಮೆ. ಉಳಿದ ದಿನವೆಲ್ಲ ಕಿಟಕಿಯ ಹತ್ತಿರ ಕೂತು ಬೀದಿಯಲ್ಲಿ ಹೋಗುವವರ ನೆತ್ತಿ ನೋಡುತ್ತಿದ್ದಳು. "ಜನರ ಮುಖ ಮರೆತೇ ಹೋಯ್ತು ಕಣೇ, ಬೈತಲೆ ನೋಡಿ ಗುರುತು ಹಿಡೀತೀನಿ" ಎಂದಿದ್ದಳು ಒಂದು ಸಲ. ನಗುತ್ತಲೇ ಹೇಳಿದ್ದು. ಇಲ್ದಾ ಮಾರನೆಯ ದಿನ ಬ್ಯಾಂಕಿಗೆ ಹೋಗಿದ್ದಳು.

ಬಾಗಿಲು ತೆರೆದ ದೋನಾ ಜುಲ್ಮೀರಾ ಅವಳ ಎದೆಮಟ್ಟಕ್ಕೆ ಇದ್ದಳು. ಎಂಬತ್ತೊಂದು ವರ್ಷ, ಸೊಂಟದ ಮೂಳೆ ಒಂದು ಸಲ ಮುರಿದು ಕೂಡಿದ್ದರಿಂದ ನಡೆಯುವಾಗ ದೋಣಿಯ ಹಾಗೆ ಒಂದು ಮಗ್ಗುಲಿಗೆ ವಾಲಿ ಏಳುತ್ತಿದ್ದಳು. "ಬಾ ಮಗಳೇ, ಚಳಿ ಒಳಗೆ ಬಿಡಬೇಡ," ಎಂದು ನೇರ ಅಡಿಗೆಮನೆಗೆ ಕರೆದೊಯ್ದು ಕೂರಿಸಿದಳು. ಕಾಫಿ ಆಗಲೇ ಆಗಿತ್ತು. ಮೊಟ್ಟೆ ಹಾಕಿ ಮಾಡಿದ ಸಿಹಿ ಬ್ರೆಡ್ಡಿನ ದಪ್ಪ ತುಂಡು, ಅದರ ಮೇಲೆ ಬೆಣ್ಣೆ. ಕಾದು ಕೂತಿದ್ದಾಳೆ, ಎಂದುಕೊಂಡಳು ಇಲ್ದಾ. ಎಲ್ಲವನ್ನೂ ನೋಡುವುದು, ನೋಡದವಳಂತೆ ಕೂರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಗೋಡೆಯ ಮೇಲೆ ಒಂದು ಚೌಕ ಮಾತ್ರ ಸುತ್ತಲಿಗಿಂತ ಬೆಳ್ಳಗಿತ್ತು, ಅಲ್ಲಿ ಏನೋ ಬಹಳ ವರ್ಷ ತೂಗಿ ಈಚೆಗೆ ಇಳಿದಿತ್ತು. ಬಟ್ಟಲು ತೂಗುಹಾಕುವ ಆರು ಕೊಕ್ಕೆಗಳಲ್ಲಿ ನಾಲ್ಕು ಖಾಲಿ. ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಿಂದ ವೃತ್ತಪತ್ರಿಕೆಯಲ್ಲಿ ಸುತ್ತಿದ ಏನೋ ತಲೆ ಹೊರಗಿಟ್ಟಿತ್ತು, ಗೊಂಬೆಯ ಹಾಗೆ, ಕೂಸಿನ ಹಾಗೆ. ಬಡತನವಿರಬೇಕು, ಮಾರಿಕೊಂಡಿರಬೇಕು, ಎಂದು ಲೆಕ್ಕ ಹಾಕಿದಳು. ತನ್ನ ವಾಕ್ಯ ಇನ್ನೂ ಭಾರವಾಯಿತು.

"ನಿಮ್ಮಮ್ಮ ಯಾವ ದ್ವೀಪ?"

"ಸಾವ್ ಮಿಗೆಲ್."

"ಅಯ್ಯೋ ದೇವರೇ. ಅವರ ಮಾತು ನನಗೆ ಈ ವಯಸ್ಸಿಗೂ ಅರ್ಥವಾಗಲ್ಲ. ಬಾಯಲ್ಲಿ ಬಿಸಿ ಆಲೂಗೆಡ್ಡೆ ಇಟ್ಕೊಂಡ ಹಾಗೆ ಮಾತಾಡ್ತಾರೆ. ನೀನು ಪರವಾಗಿಲ್ಲ, ಓದಿದೋಳು. ನಾನು ತೆರ್ಸೇರಾ ದ್ವೀಪದೋಳು."

"ಗೊತ್ತಾಯಿತು," ಎಂದಳು ಇಲ್ದಾ. "ಬ್ರೆಡ್ಡಿನಲ್ಲಿ."

"ಚೆನ್ನಾಗಿದೆಯಾ?"

"ತುಂಬಾ." ಚೆನ್ನಾಗಿತ್ತು. ಅದೇ ಕಷ್ಟವಾಗಿತ್ತು. ನುಂಗಿದ ಮೇಲೆ ಹೇಳೋಣ, ಈ ತುಂಡು ಮುಗಿಯಲಿ, ಬಟ್ಟಲು ಬರಿದಾಗಲಿ. ಅವಳು ಬೆನ್ನು ನೆಟ್ಟಗೆ ಮಾಡಿ, ಆಸ್ಪತ್ರೆಯಲ್ಲಿ ಮಾಡುವ ಹಾಗೆ ಕಣ್ಣಿಗೆ ಗೋಡೆಯ ಮೇಲೊಂದು ಜಾಗ ಹುಡುಕಿದಳು. ಸಿಕ್ಕಿದ್ದು ಆ ಬಿಳಿಯ ಚೌಕ. "ದೋನಾ ಜುಲ್ಮೀರಾ," ಎಂದು ಸ್ವಲ್ಪ ಗಟ್ಟಿಯಾಗಿಯೇ ಶುರುಮಾಡಿದಳು.

ಟಣ್, ಟಣ್, ಟಣ್.

ಮನೆ ಬೆಚ್ಚಗಿಡುವ ಕಬ್ಬಿಣದ ಕೊಳವೆ ಅಡಿಗೆಮನೆಯ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಹೋಗಿತ್ತು. ಸದ್ದು ಅದರಿಂದ ಬಂತು. ಇಲ್ದಾ ನಿಂತೇ ಹೋದಳು, ಅಂದರೆ ಕೂತಲ್ಲೇ ಒಳಗೆ ಎಲ್ಲವೂ ನಿಂತಿತು. ಏಳು ವರ್ಷದವಳಾಗಿದ್ದಾಗ ಅಣ್ಣನ ಜೊತೆ ಹಾಸಿಗೆಯಿಂದ ನೆಲಕ್ಕೆ ನೆಗೆಯುವ ಆಟ ಆಡುತ್ತಿದ್ದಳು. ಕೆಳಗಿನಿಂದ ಕಬ್ರಾಲ್ ಸ್ಪ್ಯಾನರಿನಿಂದ ಕೊಳವೆಗೆ ಒಂದೇ ಒಂದು ಏಟು ಕೊಡುತ್ತಿದ್ದ, ಟಣ್, ಅಷ್ಟೆ. ಆ ಒಂದು ಏಟಿಗೆ ಅಮ್ಮನ ಮುಖದ ಬಣ್ಣ ಇಳಿಯುತ್ತಿತ್ತು. ಅಮ್ಮ ಮಕ್ಕಳನ್ನು ಬೈಯುತ್ತಿರಲಿಲ್ಲ. ಬಂದು ಇಬ್ಬರ ಬಾಯಿಯನ್ನೂ ಎರಡು ಕೈಯಲ್ಲಿ ಮುಚ್ಚಿ, ಅವರನ್ನು ಮಡಿಲಿಗೆಳೆದುಕೊಂಡು ನೆಲದ ಮೇಲೆ ಕೂತುಬಿಡುತ್ತಿದ್ದಳು, ಸದ್ದು ಕೊಳವೆಯೊಳಗೆ ಪೂರ್ತಿ ಇಂಗುವವರೆಗೆ. ಆಮೇಲೆ ಮನೆಯಲ್ಲಿ ಎಲ್ಲರಿಗೂ ಉಣ್ಣೆಯ ಕಾಲುಚೀಲ. ಅದಾಗಿ ಇಪ್ಪತ್ತೊಂಬತ್ತು ವರ್ಷಗಳಾದವು. ಕಾಲೇಜು ಮುಗಿಸಿ ಬಂದ ದಿನವೂ ಇಲ್ದಾ ಬಾಗಿಲಲ್ಲಿ ಶೂ ಕಳಚಿ, ಪದವಿಯ ಕಾಗದ ಹಿಡಿದು ಬರಿಯ ಕಾಲುಚೀಲದಲ್ಲಿ ಒಳಗೆ ಬಂದಿದ್ದಳು.

"ಯಾಕೆ ಮಗಳೇ, ಶೂ ಯಾಕೆ ಬಿಚ್ಚಿದೆ?"

ಅವಳು ಕೆಳಗೆ ನೋಡಿದಳು. ಮೇಜಿನಡಿ ಅವಳ ಶೂಗಳು ಜೋಡಿಯಾಗಿ ಪಕ್ಕದಲ್ಲಿದ್ದವು. ಯಾವಾಗ ಕಳಚಿದಳೋ ಅವಳಿಗೇ ತಿಳಿಯದು.

"ಬಡಿದರಲ್ಲ," ಎಂದಳು, ಪಿಸುಮಾತಿನಲ್ಲಿ. "ನಾನು ಜೋರಾಗಿ ಮಾತಾಡಿದೆ ಅಂತ ಕಾಣುತ್ತೆ."

ದೋನಾ ಜುಲ್ಮೀರಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ನಗು ಬಂತು. ಮೊದಲು ಭುಜಕ್ಕೆ, ಆಮೇಲೆ ಕೆನ್ನೆಗೆ, ಕೊನೆಗೆ ಕಣ್ಣಿಗೆ. ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡು ನಕ್ಕಳು. "ಅಯ್ಯೋ ಕಂದಾ... ಮನೆ ಕೊಳ್ಳೋಳು ಶೂ ಬಿಚ್ಚಿ ಕೂತವಳೆ... ಅದು ಅದೆಲೀನು ಕಣಮ್ಮ, ಮೇಲಿನೋನು! ಬೆಳಿಗ್ಗೆ ಎದ್ದು ಮೂರು ಸಲ ಬಡೀತಾನೆ, ಸತ್ತಿಲ್ಲ ಅಂತ. ನಾನು ಚಮಚದಲ್ಲಿ ಎರಡು ಬಡೀತೀನಿ, ನಾನೂ ಸತ್ತಿಲ್ಲ ಅಂತ. ಅವನ ಹೆಂಡತಿ ಹೋದಾಗಿನಿಂದ, ಹದಿನಾಲ್ಕು ವರ್ಷ. ನಡುವಿನೋರ ಮಗು ಅದನ್ನ ಕೇಳೇ ಎದ್ದೇಳೋದು." ಮತ್ತೆ ನಗು ಬಂತು, ಇಲ್ದಾಳಿಗೂ ಬಂತು, ಅವಳು ತಡೆಯಲು ನೋಡಿದಳು, ಆಗಲಿಲ್ಲ. ಗಂಟಲಿನಲ್ಲಿದ್ದ ವಾಕ್ಯ ಆ ನಗುವಿನೊಳಗೆ ಎಲ್ಲಿ ಹೋಯಿತೋ. ಆಗಲೇ ಮೇಲೆ ಒಂದು ಬಾಗಿಲು ಬಡಿದುಕೊಂಡಿತು. ಮೆಟ್ಟಿಲ ಮೇಲೆ ದಡದಡ. ನಡುವಿನ ಮಹಡಿಯಲ್ಲಿ ಯಾವುದೋ ಮಗುವಿನ ಸೈಕಲ್ ಉರುಳಿತು, ಯಾರೋ ಯಾರನ್ನೋ ಶಪಿಸಿದರು.

"ಅಯ್ಯಯ್ಯೋ," ಎಂದಳು ಜುಲ್ಮೀರಾ, ನಗು ನಿಲ್ಲಿಸಿ. "ಎರಡು ಬಡಿಯೋದೇ ಮರೆತೆ."

ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ಒಂದು ಕೆನ್ನೆ ಬೋಳು, ಇನ್ನೊಂದರ ಮೇಲೆ ಸೋಪಿನ ನೊರೆ, ಒಂದೇ ಕಾಲಿಗೆ ಚಪ್ಪಲಿ. ಉಸಿರು ಅವನ ಎದೆಯೊಳಗೆ ದಾರಿ ಹುಡುಕುತ್ತಿತ್ತು. "ಬಡೀಲಿಲ್ಲ ಯಾಕೆ?" ಎಂದ. "ಹೋದೆಯೇನೋ ಅಂದ್ಕೊಂಡೆ, ಮುದುಕಿ! ಬಡೀಲಿಲ್ಲ ಯಾಕೆ?"

"ಹೋಗೋದಿದ್ರೆ ನಿನಗೆ ಹೇಳಿ ಹೋಗ್ತೀನಿ. ಕೂತ್ಕೋ ಮೊದಲು. ನನ್ನ ನೋಡೋಕೆ ಬಂದು ನೀನೇ ಹೋದೀಯ."

"ಕೂರಲ್ಲ. ಎರಡು ಬಡಿಯೋದು ಅಷ್ಟು ಕಷ್ಟವಾ? ಅರ್ಧ ಗಡ್ಡ ಬಿಟ್ಟು ಬಂದಿದ್ದೀನಿ!"

"ಚೆನ್ನಾಗಿ ಕಾಣ್ತೀಯ. ಒಂದು ಕಡೆಯಾದರೂ." ಆಮೇಲೆ ದನಿ ಇಳಿಸಿ ಹೇಳಿದಳು, "ಇವಳು ಹೊಸ ಸೆನ್ಯೋರಿಯಾ."

ಸೆನ್ಯೋರಿಯಾ, ಮನೆಯೊಡತಿ. ಅಷ್ಟು ದಿನ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಆ ಪದ ಕಿವಿಗೆ ಬಿದ್ದದ್ದೇ ಅದೆಲೀನುವಿನ ಮೈ ಬದಲಾಯಿತು. ಸಿಟ್ಟು ಮುಖದಿಂದ ಇಳಿಯಿತು, ಜೊತೆಗೆ ಮುಖವೂ ಇಳಿಯಿತು. ಹೆಗಲ ಮೇಲಿನ ಟವೆಲ್ಲಿನಿಂದ ನೊರೆಯ ಕೆನ್ನೆಯನ್ನು ಮುಚ್ಚಿಕೊಂಡ, ಬರಿಗಾಲನ್ನು ಚಪ್ಪಲಿಯ ಕಾಲಿನ ಹಿಂದಕ್ಕೆ ಸರಿಸಿದ, ಒಳಗಿಟ್ಟಿದ್ದ ಒಂದು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಬಾಗಿಲ ಹೊರಗಿನ ಕಾಲೊರಸಿನ ಮೇಲೆ ನಿಂತ. "ಕ್ಷಮಿಸಬೇಕು, ಸೆನ್ಯೋರಿಯಾ. ಗೊತ್ತಾಗಲಿಲ್ಲ. ಇಂಥಾ ಗಲಾಟೆ ನಾನು ದಿನಾ ಮಾಡೋನಲ್ಲ." ತಿಂಗಳ ಮೊದಲ ದಿನ ಅಪ್ಪ ಕಬ್ರಾಲ್‌ನ ಬಾಗಿಲಿನಲ್ಲಿ ಹೀಗೆಯೇ ನಿಲ್ಲುತ್ತಿದ್ದ, ಟೋಪಿ ಕೈಯಲ್ಲಿ, ಗಿರಣಿಯ ಹತ್ತಿ ರೆಪ್ಪೆಯ ಮೇಲೆ. ಒಳಗೆ ಬನ್ನಿ ಎಂದರೂ ಹೋಗುತ್ತಿರಲಿಲ್ಲ. ಕಬ್ರಾಲ್‌ನ ಹೆಂಡತಿ ಕೊಟ್ಟ ಕಾಫಿಯನ್ನು ಕಾಲೊರಸಿನ ಮೇಲೆ ನಿಂತೇ ಕುಡಿದು, ಬಟ್ಟಲನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಹಿಂದಿರುಗಿಸುತ್ತಿದ್ದ. ಹತ್ತು ವರ್ಷದ ಇಲ್ದಾ ಅಪ್ಪನ ಕೈ ಹಿಡಿದು, ಈ ಮನುಷ್ಯ ತನ್ನ ಅಪ್ಪನಲ್ಲ ಎಂಬಂತೆ ಬೇರೆ ಕಡೆ ನೋಡುತ್ತಿದ್ದಳು. ಇವತ್ತು ಎಲ್ಲಿ ನೋಡುವುದು? ಬಿಳಿಯ ಚೌಕವೂ ಈಗ ಸಾಲದಾಯಿತು. ಅವಳ ಕಾಲಲ್ಲೂ ಶೂ ಇರಲಿಲ್ಲ. ಅದು ಅವನಿಗೆ ಕಾಣಲಿ ಎಂದು ಮೇಜಿನಡಿಯಿಂದ ಪಾದಗಳನ್ನು ಸ್ವಲ್ಪ ಮುಂದಕ್ಕೆ ಚಾಚಿದಳು. ಅವನು ನೋಡಲಿಲ್ಲ.

"ಒಂದು ಮಾತು ಹೇಳಲಾ," ಎಂದ ಅದೆಲೀನು, ನೆಲ ನೋಡುತ್ತ. "ಯಾರನ್ನಾದರೂ ಬಿಡಿಸಲೇಬೇಕಲ್ಲ ತಮಗೆ. ನನ್ನನ್ನ ಬಿಡಿಸಿ. ನಾನು ಒಂಟಿ ಜೀವ, ತಂಗಿ ಮನೆ ಇದೆ ಟಾಂಟನ್‌ನಲ್ಲಿ. ಇವಳು ಮೇಲಕ್ಕೆ ಹೋಗಲಿ."

"ಹೆಲಿಕಾಪ್ಟರ್ ಕಳಿಸ್ತೀಯಾ ಹತ್ತೋಕೆ?" ಎಂದಳು ಜುಲ್ಮೀರಾ. "ಸುಮ್ನಿರು. ಇವಳಿಗೆ ಬೇಕಾಗಿರೋದು ಕೆಳಗಿನದು. ಅವಳಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ. ಚರ್ಚಲ್ಲಿ ಎಲ್ಲರಿಗೂ ಗೊತ್ತು." ಇಲ್ದಾಳ ಕಡೆ ತಿರುಗಿದಳು. ದನಿಯಲ್ಲಿ ಯಾವ ಆರೋಪವೂ ಇರಲಿಲ್ಲ. "ಹೇಳೋಕೆ ಕಷ್ಟ ಪಡಬೇಡ ಮಗಳೇ. ಮಾರಾಟಕ್ಕಿದೆ ಅಂತ ಬೋರ್ಡು ಹಾಕಿದ ದಿನಾನೇ ಪವಿತ್ರಾತ್ಮನ ಪಟ ಇಳಿಸಿದೆ. ಬಟ್ಟಲು ಕಟ್ಟಿದೆ. ಸಂತ ಆಂತೋನಿ ಅಲ್ಲಿ ಪೆಟ್ಟಿಗೇಲಿ ಮಲಗವ್ನೆ, ಉಸಿರಾಡಲಿ ಅಂತ ತಲೆ ಹೊರಗೆ ಬಿಟ್ಟಿದ್ದೀನಿ. ಎಲ್ಲಿಗೆ ಹೋಗೋದು ಅನ್ನೋದೊಂದು ಗೊತ್ತಿಲ್ಲ, ಮಿಕ್ಕಿದ್ದೆಲ್ಲ ತಯಾರು."

ಬಡತನ ಎಂದುಕೊಂಡದ್ದು ಬಡತನವಲ್ಲ. ಆರು ಕೊಕ್ಕೆಗಳಲ್ಲಿ ಉಳಿದ ಎರಡು ಬಟ್ಟಲು: ಒಂದು ಮುದುಕಿಗೆ, ಇನ್ನೊಂದು ಇವತ್ತು ಬರುವವಳಿಗೆ. ಇಲ್ದಾಳಿಗೆ ಕೆನ್ನೆ ಬಿಸಿಯಾಯಿತು. ಆಕೆ ಮೊದಲೇ ಎಲ್ಲವನ್ನೂ ತಾನೇ ತನಗೆ ಹೇಳಿಕೊಂಡು, ಹೇಳುವ ಪಾಪವನ್ನೂ ಇವಳಿಂದ ಇಳಿಸಿಬಿಟ್ಟಿದ್ದಳು. ಇನ್ನು ಹೂಂ ಎಂದರೆ ಸಾಕು. ಹೂಂ ಎನ್ನುವುದು ಸುಲಭ, ಅಮ್ಮ ಕಿಟಕಿಯಿಂದ ಏಳುತ್ತಾಳೆ, ಬೀದಿಗೆ ಬರುತ್ತಾಳೆ, ಜನರ ಮುಖ ನೋಡುತ್ತಾಳೆ. ಅದು ಸಣ್ಣ ವಿಷಯವಲ್ಲ. ಆದರೆ ಮುದುಕಿ ಮನೆ ಬಿಟ್ಟ ಮರುದಿನ ಬೆಳಿಗ್ಗೆ ಮೇಲಿನಿಂದ ಮೂರು ಏಟು ಬರುತ್ತವೆ, ಕೆಳಗೆ ಯಾರೂ ಚಮಚ ಎತ್ತುವುದಿಲ್ಲ. ಅದೆಲೀನು ಇಳಿದು ಬರುತ್ತಾನೆ, ನೊರೆಯ ಕೆನ್ನೆಯಲ್ಲಿ, ದಿನವೂ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಮೂರು ದಿನ ತಿದ್ದಿದ ವಾಕ್ಯವನ್ನು ತುದಿಯಿಂದ ಹಿಡಿದು ಎಳೆಯಲು ನೋಡಿದಳು, ತಾವು, ಈ ಜಾಗ, ಬಿಡಬೇಕಾಗುತ್ತದೆ. ಬಾಯಿಂದ ಬಂದದ್ದು ಹೀಗೆ:

"ದೋನಾ ಜುಲ್ಮೀರಾ, ನಮಗೂ ಒಂದಿಷ್ಟು ಜಾಗ ಬಿಡ್ತೀರಾ?"

ತಡವಾಗಿ ಬಂದವರು ಚರ್ಚಿನ ಬೆಂಚಿನಲ್ಲಿ ಕೂತವರನ್ನು ಕೇಳುವ ಮಾತು. ಅದೇ ಪದಗಳು, ಅದೇ ಜಾಗ, ಅದೇ ಬಿಡುವುದು. ಹನ್ನೊಂದು ವರ್ಷದಲ್ಲಿ ಅವಳು ಮಾತು ತಪ್ಪಾಗಿ ದಾಟಿಸಿದ್ದು ಇದೇ ಮೊದಲು. ತಿದ್ದಿಕೊಳ್ಳಲು ಬಾಯಿ ತೆರೆದಳು, ತಿದ್ದಿಕೊಳ್ಳಲಿಲ್ಲ. ಅದು ದಯೆಯೋ, ಬರೀ ಪುಕ್ಕಲುತನವೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಮುದುಕಿ ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಬೆಂಚಿನ ಮೇಲೆ ಸರಿಯುವವಳ ಹಾಗೆ, ತನಗೇ ಗೊತ್ತಿಲ್ಲದೆ, ಕುರ್ಚಿಯಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದಳು. ಆಮೇಲೆ ಹಜಾರದ ಕಡೆ ನೋಡಿದಳು, ಅಲ್ಲಿ ಮುಚ್ಚಿದ ಎರಡು ಬಾಗಿಲುಗಳಿದ್ದವು.

"ಮೂರು ರೂಮಿದೆ," ಎಂದಳು ನಿಧಾನವಾಗಿ. "ನಾನು ಮಲಗೋದು ಒಂದರಲ್ಲಿ. ಒಂದರಲ್ಲಿ ನನ್ನ ಗಂಡನ ದ್ರಾಕ್ಷಿ ಹಿಂಡೋ ಯಂತ್ರ, ಅವನೇ ಹೋದ ಮೇಲೆ ಅದನ್ನ ಯಾರಿಗೆ ಹಿಂಡಲಿ. ಇನ್ನೊಂದರಲ್ಲಿ ಏನೂ ಇಲ್ಲ, ಸುಮ್ಮನೆ ಬಾಗಿಲು ಹಾಕಿರ್ತೀನಿ, ಶಾಖ ಉಳೀಲಿ ಅಂತ." ಇಲ್ದಾಳನ್ನು ನೋಡಿದಳು. "ನಿಮ್ಮಮ್ಮ ಬೀನ್ಸಿಗೆ ಸಕ್ಕರೆ ಹಾಕ್ತಾಳಾ?"

"ಇಲ್ಲ."

"ಗೊರಕೆ?"

"ಸ್ವಲ್ಪ."

"ನಂಗೆ ಕಿವಿ ಮಂದ. ಆದರೆ ಕೇಳು, ಬೆಳಿಗ್ಗೆ ಕೊಳವೆ ಬಡಿಯೋದು ನಾನೇ. ಅದನ್ನ ಬಿಟ್ಟುಕೊಡಲ್ಲ." ಬಾಗಿಲ ಕಡೆ ತಿರುಗಿ ಗದರಿದಳು, "ನೀನೇನು ಅಲ್ಲಿ ಕಂಬದ ಹಾಗೆ ನಿಂತಿದ್ದೀಯ? ಒಳಗೆ ಬಾ. ಆ ಪೆಟ್ಟಿಗೇಲಿ ಬಟ್ಟಲಿದೆ, ಒಂದು ತೆಗಿ."

ಅದೆಲೀನು ಕಾಲೊರಸಿನಿಂದ ಇಳಿದು ಒಳಗೆ ಬಂದ. ವೃತ್ತಪತ್ರಿಕೆ ಬಿಚ್ಚಿ ಒಂದು ಬಟ್ಟಲು ತೆಗೆದ. ಇಲ್ದಾಳನ್ನು ದಾಟುವಾಗ ಅವನ ಕಣ್ಣು ಅವಳ ಪಾದಗಳ ಮೇಲೆ ಬಿತ್ತು. ಮೇಜಿನಡಿಯ ಶೂಗಳನ್ನು ಚಪ್ಪಲಿಯ ಕಾಲಿನಿಂದ ಮೆಲ್ಲಗೆ ಅವಳ ಹತ್ತಿರ ತಳ್ಳಿದ.

ಎರಡು ಗಂಟೆಗೆ ವಕೀಲರು ಒಂದು ಕಾಗದದ ಮೇಲೆ ಬೆರಳಿಟ್ಟು, ಯಾವ ಮಹಡಿಯಲ್ಲಿ ವಾಸ ಎಂದು ಬ್ಯಾಂಕಿಗೆ ತಿಳಿಸಬೇಕು, ಎಂದರು. ಒಂದನೆಯದು, ಎಂದು ಬರೆದಳು. ಅಲ್ಲಿರುವವರು ಬಿಡುತ್ತಾರೆ ತಾನೆ, ಎಂದು ಅವರು ಕೇಳಿದರು. "ಬಿಡುತ್ತಾರೆ," ಎಂದಳು ಇಲ್ದಾ. "ಜಾಗ ಬಿಡುತ್ತಾರೆ." ಇಂಗ್ಲಿಷಿನಲ್ಲಿ ಹೇಳುವಾಗ ಅದು ಅಷ್ಟು ಚೆನ್ನಾಗಿ ಕೂರಲಿಲ್ಲ. ವಕೀಲರು ಪುಟ ತಿರುಗಿಸಿದರು.

ಸಂಜೆ ಐದಕ್ಕೆ ಕಬ್ರಾಲ್‌ನ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಶೂ ಕಳಚಿ, ಕಾಲುಚೀಲದಲ್ಲಿ ಒಳಗೆ ಹೋದಳು. ಅಮ್ಮ ಕಿಟಕಿಯಲ್ಲಿದ್ದಳು. ಇಲ್ದಾ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು, ಕೂಡಿಸದೆ, ಕಳೆಯದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಅಂದಳು:

"ತೆರ್ಸೇರಾದೋಳಾ? ವರ್ಷವಿಡೀ ಹಬ್ಬ ಮಾಡೋ ಜನ ಅವರು. ನನಗೆ ಅಷ್ಟೆಲ್ಲ ನಗು ಆಗಲ್ಲಪ್ಪ." ಆಮೇಲೆ, "ಇನ್ನೊಬ್ಬಳ ಅಡಿಗೆಮನೇಲಿ ನಾನು ಎಲ್ಲಿ ಕೂರಲಿ?" ಆಮೇಲೆ ಕಿಟಕಿಯಿಂದ ಕೆಳಗೆ ಬೀದಿ ನೋಡಿ, "ಎಷ್ಟು ಮೆಟ್ಟಿಲು?"

"ಮೂರು."

"ಮೂರು," ಎಂದಳು ಅಮ್ಮ. ಏಳಲು ಹೋದಳು, ಈಗಲೇ ಹೊರಡುವವಳ ಹಾಗೆ. ಊರುಗೋಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಟಣ್, ಎಂದಿತು ಕೆಳಗಿನಿಂದ ಕೊಳವೆ.

ಇಬ್ಬರೂ ಹಾಗೇ ನಿಂತರು. ಇಲ್ದಾ ಅರ್ಧ ಬಗ್ಗಿದ್ದಳು, ಕೋಲು ಎತ್ತಲು. ಅಮ್ಮನ ಒಂದು ಕೈ ತಾನಾಗಿಯೇ ಮೇಲೆ ಬಂದಿತ್ತು, ಯಾವುದೋ ಮಗುವಿನ ಬಾಯಿ ಮುಚ್ಚುವ ಹಾಗೆ. ಸದ್ದು ಕಬ್ಬಿಣದೊಳಗೆ ನಡುಗಿ ನಡುಗಿ ಇಂಗಿತು.

"ಆ ಮುದುಕಿ ಎಷ್ಟು ಸಲ ಬಡೀತಾಳೆ ಅಂದೆ?"

"ಎರಡು," ಎಂದಳು ಇಲ್ದಾ, ಪಿಸುಮಾತಿನಲ್ಲಿ.

ಅಮ್ಮ ಗೋಡೆ ಹಿಡಿದುಕೊಂಡು ಒಲೆಯವರೆಗೆ ಹೋದಳು. ಸೂಪಿನ ಸೌಟನ್ನು ತೆಗೆದು, ಹನಿ ಬೀಳದಂತೆ ಪಾತ್ರೆಯ ಅಂಚಿಗೆ ಒರೆಸಿ, ಕೊಳವೆಯ ಹತ್ತಿರ ಬಂದು, ಕಿವಿಯ ಮಟ್ಟಕ್ಕೆ ಎತ್ತಿ, ಬಡಿದಳು. ಟಣ್. ಟಣ್. ಎರಡನೆಯದು ಮೊದಲನೆಯದಕ್ಕಿಂತ ಜೋರಾಗಿತ್ತು. ಕೆಳಗೆ ಏನೂ ಕೇಳಿಸಲಿಲ್ಲ. ಕಬ್ರಾಲ್‌ನ ರೇಡಿಯೋ ಕೂಡ ನಿಂತಿತು.

"ಏನಮ್ಮಾ ಅದು?"

"ಬದುಕಿದ್ದೀವಿ ಅಂದೆ," ಎಂದಳು ಅಮ್ಮ. ಸೌಟನ್ನು ಕೆಳಗಿಡಲಿಲ್ಲ. "ಹೋಗು, ಶೂ ಹಾಕ್ಕೊಂಡು ಬಾ. ಸ್ವಲ್ಪ ನಡೆದಾಡು, ನೋಡೋಣ."